ಚಂದ್ರಿಯ ಗುಳಿಗೆ

ಕಸ್ತೂರೆವ್ವ ರೊಟ್ಟಿ ಬಡಿಯಲು ಕೂತರೆ ಆ ಸಪ್ಪಳ ಮೂರು ಓಣಿ ದಾಟಿ ಹೋಗುತ್ತಿತ್ತು. ತಾಂಬಾ ಊರಿಗೆ ಹೊಸದಾಗಿ ಬಾಳಲು ಬಂದ ಸೊಸೆಯಂದಿರು ಮೊದಮೊದಲು ಎಲ್ಲೋ ಹಲಗೆ ಬಾರಿಸುತ್ತಿದ್ದಾರೆಂದು ಕಿವಿಗೊಡುತ್ತಿದ್ದರು, ಆಮೇಲೆ ಆ ತಾಳ ಕೇಳಿಯೇ ತಮ್ಮ ಒಲೆ ಹೊತ್ತಿಸುತ್ತಿದ್ದರು. ಹಿಟ್ಟಿಗೆ ಜಿಗಿ ಬಂದಿದೆಯೋ ಇಲ್ಲವೋ ಎಂದು ಆಕೆ ಕಣ್ಣಿನಿಂದ ನೋಡಿದ್ದೇ ಇಲ್ಲ. ಅಂಗೈಯ ಬುಡಕ್ಕೆ ಅದು ತಿಳಿಯುತ್ತಿತ್ತು. ಬಲಗೈ ಬಡಿದಂತೆ ಹಿಟ್ಟು ಹರಡುತ್ತ ಹರಡುತ್ತ ಹೋಗಿ, ಕೊನೆಗೆ ಮೋಡದೊಳಗಿಂದ ಹುಣ್ಣಿಮೆಯ ಚಂದ್ರ ಜಾರಿದ ಹಾಗೆ ರೊಟ್ಟಿ ಕಲ್ಲಿನಿಂದ ಹಂಚಿಗೆ ಜಾರುತ್ತಿತ್ತು.

ಅಂಥ ಬಲಗೈ ಯುಗಾದಿ ಮುಗಿದ ವಾರ ಮುರಿಯಿತು. ದೊಡ್ಡದೇನೂ ಆಗಿರಲಿಲ್ಲ. ಎಮ್ಮೆಯ ಕೊಟ್ಟಿಗೆಯ ಹೊಸ್ತಿಲಿನಲ್ಲಿ ಕಾಲು ಜಾರಿತು, ಅಂಗೈ ಊರಿ ಕೂತಳು. ಬಿದ್ದಳು ಎನ್ನುವಂತೆಯೂ ಇರಲಿಲ್ಲ, ಕೂತಳು ಅಷ್ಟೇ. ಅಷ್ಟಕ್ಕೇ ಮಣಿಕಟ್ಟು ಒಣಗಿದ ತೊಗರಿಕಟ್ಟಿಗೆಯಂತೆ ಚಟ್ ಎಂದಿತು.

ಸೊಸೆ ಸುನಂದಾ ಅತ್ತೆಯನ್ನು ಸಿಂದಗಿಗೆ ಕರೆದುಕೊಂಡು ಹೋದಳು. ಎಲುಬಿನ ಡಾಕ್ಟರ್ ಪಲ್ಲವಿ ಇನ್ನೂ ಸಣ್ಣ ವಯಸ್ಸಿನವಳು, ಮಾತಿನಲ್ಲಿ ಮಾತ್ರ ಹಿರಿಯಳು. ಕೈಗೆ ಪ್ಲಾಸ್ಟರ್ ಹಾಕಿ, ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಹೇಳಿದಳು:

"ಅಮ್ಮಾ, ಬರೇ ಕುಂತದ್ದಕ್ಕ ಎಲಬು ಮುರದೈತಿ ಅಂದ್ರ ಒಳಗ ಟೊಳ್ಳಾಗ್ಯಾವು ಅಂತ ಅರ್ಥ. ಮೈಯಾಗ ಕ್ಯಾಲ್ಸಿಯಂ ಭಾಳ ಕಡಿಮಿ ಆಗೇತ್ರಿ."

"ಯಾವ್ದು ಕಡಿಮಿ ಆಗೇತಿ?"

"ಕ್ಯಾಲ್ಸಿಯಂ."

ಕಸ್ತೂರೆವ್ವ ಸೆರಗನ್ನು ಎದೆಯ ಮೇಲೆ ಬಿಗಿಯಾಗಿ ಎಳೆದುಕೊಂಡು ಗೋಡೆಯ ಕಡೆ ಮುಖ ತಿರುಗಿಸಿದಳು. ಪಲ್ಲವಿಗೆ ಅದು ನೋವಿನಿಂದ ಎನಿಸಿತು. ನೋವಲ್ಲ, ನಾಚಿಕೆ.

ಆ ಶಬ್ದ ಕಸ್ತೂರೆವ್ವನಿಗೆ ಹೊಸದಾಗಿರಲಿಲ್ಲ. ಅವಳ ಕೊಟ್ಟಿಗೆಯ ಗೂಡಿನಲ್ಲಿ ಒಂದು ನೀಲಿ ಡಬ್ಬಿ ಇತ್ತು. ಅದರ ಮೇಲೆ ಕೆಚ್ಚಲು ನೆಲಕ್ಕೆ ತಾಗುವಂಥ ಎಮ್ಮೆಯ ಚಿತ್ರ. ಮನೆಯ ಎಮ್ಮೆ ಚಂದ್ರಿ ಈದಾಗಲೆಲ್ಲ ಅದರೊಳಗಿನ ಬಿಳಿ ಔಷಧಿಯನ್ನು ಬೂಸದಲ್ಲಿ ಕಲಸಿ ಹಾಕಬೇಕು. ಡೇರಿಯ ಸೋಮನಿಂಗ ಅದನ್ನು ಕೊಡುವಾಗ ಹೇಳಿದ್ದು ಅವಳ ಕಿವಿಯಲ್ಲಿ ಇನ್ನೂ ಇತ್ತು: "ಕ್ಯಾಲ್ಸಿಯಂ ಐತ್ರಿ ಅಕ್ಕಾರ, ಇದನ್ನ ಹಾಕ್ರಿ, ಹಾಲು ಹೆಂಗ ಬರ್ತಾವು ನೋಡ್ರಿ." ಬಂದಿದ್ದವು ಕೂಡ. ಹಾಗಾಗಿ ಕಸ್ತೂರೆವ್ವನ ಲೆಕ್ಕದಲ್ಲಿ ಕ್ಯಾಲ್ಸಿಯಂ ಎಂದರೆ ಹಾಲು ಬರಿಸುವ ಔಷಧಿ. ಈ ಹುಡುಗಿ ಅದನ್ನು ತನಗೆ ಬರೆದುಕೊಡುತ್ತಿದ್ದಾಳೆ. ಗಂಡ ತೀರಿ ಹೋಗಿ ಬಹಳ ಕಾಲವಾಯಿತು, ಮೊಮ್ಮಕ್ಕಳಿಗೆ ಮೀಸೆ ಬಂದಿವೆ, ಮಠದ ಕಟ್ಟೆಯ ಮೇಲೆ ತನ್ನ ಮಾತಿಗೊಂದು ತೂಕವಿದೆ. ನಾಳೆ ಏನಾದರೂ ಆದರೆ ಊರೊಳಗೆ ಮುಖ ತೋರಿಸುವುದು ಹೇಗೆ? ಡಾಕ್ಟರನ್ನು ಕೇಳಲು ಬಾಯಿ ಬರಲಿಲ್ಲ. ಬೇರೆ ದಾರಿ ಹಿಡಿದಳು.

"ನಾ ದಿನಾ ಎಲಿಗೆ ಸುಣ್ಣ ಹಚ್ಚಿ ತಿಂತೇನ್ರಿ. ಗ್ವಾಡಿಗೆ ಸುಣ್ಣ ಬಳದ್ರ ಗ್ವಾಡಿ ನೂರ ವರ್ಷ ನಿಂದರತೈತಿ. ನನಗ ಯಾಕ ಸಾಲಂಗಿಲ್ಲ?"

"ಗ್ವಾಡಿ ನಾಕ ಮಕ್ಕಳನ್ನ ಹಡದಿಲ್ಲಲ್ರಿ ಅಮ್ಮಾ" ಎಂದಳು ಪಲ್ಲವಿ, ನಗು ತಡೆದು. "ಉಗುರಿನ ತುದಿ ಸುಣ್ಣ ಎಲಬಿಗೆ ಎಲ್ಲಿ ಹತ್ತತೈತಿ? ಬಾಯಿ ಸುಡೂದು ಬ್ಯಾರೆ. ಹಾಲು, ಮೊಸರು, ಮಜ್ಜಿಗಿ ತಗೋರಿ. ಎಳ್ಳು, ರಾಜಗಿರಿ, ನುಗ್ಗಿ ತಪ್ಪಲ ತಿನ್ರಿ. ಮುಂಜಾನಿ ಉಂಡ ಮ್ಯಾಲೆ ಒಂದು, ಸಂಜಿಗೆ ಉಂಡ ಮ್ಯಾಲೆ ಒಂದು ಗುಳಿಗಿ. ಎರಡೂ ಒಮ್ಮೆಲೆ ನುಂಗಬ್ಯಾಡ್ರಿ, ಮೈ ಒಮ್ಮೆ ಸ್ವಲ್ಪ ಅಷ್ಟ ತಗೋತೈತಿ. ಚಾದ ಜೋಡಿ ಮಾತ್ರ ಬ್ಯಾಡ."

"ಅದೆಲ್ಲಾ ಇರ್ಲಿ. ರೊಟ್ಟಿ ಯಾವಾಗ ಬಡೀಲಿ?"

ಕಸ್ತೂರೆವ್ವನಿಗೆ ಬೇಕಾಗಿದ್ದುದು ಅದೊಂದೇ ಮಾತು.

ಅದಕ್ಕೆ ಕಾರಣವಿತ್ತು. ಎಷ್ಟೋ ವರ್ಷಗಳ ಹಿಂದೆ ಕಸ್ತೂರೆವ್ವ ಮಸೂತಿ ಎಂಬ ಊರಿನಿಂದ, ಸೈದಾಬಿ ಮುದ್ದೇಬಿಹಾಳದಿಂದ, ಒಂದೇ ಗೋಡೆಯ ಆಚೆ ಈಚೆಯ ಮನೆಗಳಿಗೆ ಒಂದೇ ವರ್ಷ ಸೊಸೆಯರಾಗಿ ಬಂದಿದ್ದರು. ಸೈದಾಬಿಗೆ ಲಟ್ಟಣಿಗೆ ಹಿಡಿಯಲು ಬರುತ್ತಿತ್ತೇ ಹೊರತು ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಅವಳ ಅತ್ತೆ ಹೊಲದ ದಾರಿ ಹಿಡಿದ ಕೂಡಲೇ ಗೋಡೆಯ ಮೇಲಿಂದ ಹಿಟ್ಟಿನ ಮುದ್ದೆಗಳು ಈಚೆ ಬರುತ್ತಿದ್ದವು, ರೊಟ್ಟಿಗಳಾಗಿ ಆಚೆ ಹೋಗುತ್ತಿದ್ದವು. ಅತ್ತೆ ತಿಂದು ಹೊಗಳುತ್ತಿದ್ದಳು. ಸೈದಾಬಿ ಕಲಿಯುವ ತನಕ ಆ ಗೋಡೆ ಗುಟ್ಟು ಬಿಟ್ಟುಕೊಡಲಿಲ್ಲ. ಅಂದಿನಿಂದ ಇಬ್ಬರ ನಡುವೆ ಒಂದು ನೇಮ. ಸೈದಾಬಿಯ ಮನೆಯ ಮದುವೆಗೆ ಒಲೆ ಹೂಡಿದರೆ ಮೊದಲ ರೊಟ್ಟಿ ಕಸ್ತೂರೆವ್ವನ ಕೈಯದು, ಕಸ್ತೂರೆವ್ವನ ಮನೆಯ ಮದುವೆಗೆ ಹೂಡಿದರೆ ಸೈದಾಬಿಯ ಕೈಯದು. ಆ ಮೊದಲ ರೊಟ್ಟಿ ಬಿಳಿ ಬಟ್ಟೆಯಲ್ಲಿ ಸುತ್ತಿಸಿಕೊಂಡು, ಬುಟ್ಟಿಯ ಮೇಲ್ಗಡೆ ಕೂತು, ಬೀಗರ ಮನೆಗೆ ಹೋಗಬೇಕು. ಈಗ ಸೈದಾಬಿಯ ಮೊಮ್ಮಗಳು ಹುಮಾಳ ಮದುವೆ ಬಸವನ ಬಾಗೇವಾಡಿಯ ತಬ್ರೇಜನೊಂದಿಗೆ ಗೊತ್ತಾಗಿತ್ತು. ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಕಳೆದ ಮೇಲೆ ಮದುವೆ. ಅದು ಆ ಮನೆಯ ಕೊನೆಯ ಹುಡುಗಿಯ ಮದುವೆ.

ಪಲ್ಲವಿ ಎಲ್ಲವನ್ನೂ ಕೇಳಿ, "ದಸರಾ ಹೊತ್ತಿಗೆ ಬರ್ರಿ. ರಕ್ತ ನೋಡ್ತೇನಿ, ಎಲಬು ನೋಡ್ತೇನಿ. ಆಮ್ಯಾಲೆ ಹೇಳ್ತೇನಿ" ಎಂದಳು.

"ಹೇಳೂದೇನ ಐತಿ, ಬಡದ ಬಡೀತೇನಿ" ಎಂದಳು ಕಸ್ತೂರೆವ್ವ.

*

ಗುಳಿಗೆಗಳನ್ನು ಏನು ಮಾಡಬೇಕೆಂದು ಕಸ್ತೂರೆವ್ವ ಬಹಳ ಯೋಚಿಸಬೇಕಾಗಲಿಲ್ಲ. ಚೆಲ್ಲುವುದು ಪಾಪ. ನುಂಗುವುದು ಆಗದ ಮಾತು. ಎಮ್ಮೆಯ ಔಷಧಿ ಎಮ್ಮೆಗೇ ಸೇರಲಿ.

ಉಂಡಾದ ಮೇಲೆ ಸುನಂದಾ ಗುಳಿಗೆ ತಂದು ಅಂಗೈಗೆ ಹಾಕುತ್ತಿದ್ದಳು. ಕಸ್ತೂರೆವ್ವ ಅದನ್ನು ಬಾಯಿಯ ಕಡೆ ಒಯ್ದು, ನೀರು ಕುಡಿದು, ಗಂಟಲನ್ನೂ ಅಲುಗಿಸುತ್ತಿದ್ದಳು. ಗುಳಿಗೆ ಮಾತ್ರ ಸೆರಗಿನ ಗಂಟಿನಲ್ಲಿ ಬೆಲ್ಲದ ಚೂರಿನ ಪಕ್ಕಕ್ಕೆ ಹೋಗಿ ಕೂತಿರುತ್ತಿತ್ತು. ಆಮೇಲೆ ಕೊಟ್ಟಿಗೆಗೆ ಹೋಗಿ ಬೆಲ್ಲದೊಳಗೆ ಗುಳಿಗೆ ಒತ್ತಿ ಚಂದ್ರಿಯ ನಾಲಿಗೆಯ ಮೇಲೆ ಇಡುತ್ತಿದ್ದಳು. ಚಂದ್ರಿ ಕಣ್ಣು ಅರ್ಧ ಮುಚ್ಚಿ ಅದನ್ನು ಕರಗಿಸಿಕೊಳ್ಳುತ್ತ ನಿಲ್ಲುತ್ತಿದ್ದಳು, ಹಳೆಯ ಕಥೆಯೊಂದನ್ನು ಮತ್ತೆ ಕೇಳುತ್ತಿರುವವಳ ಹಾಗೆ.

ಮುಂಗಾರು ಚೆನ್ನಾಗಿ ಹಿಡಿಯಿತು. ಬದುವಿನ ಮೇಲೆ ಹಸಿರು ಎದ್ದಿತು. ಚಂದ್ರಿ ಒಂದು ಚರಿಗೆ ಹಾಲು ಹೆಚ್ಚಿಗೆ ಕೊಟ್ಟಳು. ಹಾಲು ಹೆಚ್ಚಿದ್ದು ಹಸಿ ಹುಲ್ಲಿನಿಂದ ಎಂದು ಮಗ ಶ್ರೀಶೈಲಪ್ಪ ಹೇಳಿದ. ಕಸ್ತೂರೆವ್ವನಿಗೆ ಅದು ಗುಳಿಗೆಯ ಪ್ರತಾಪ ಎನಿಸಿತು. ಕೂದಲೆಳೆಯಲ್ಲಿ ಪಾರಾದೆ ಎಂದು ಒಳಗೊಳಗೇ ದೇವರಿಗೆ ಕೈಮುಗಿದಳು.

ಆ ಹಾಲನ್ನಾದರೂ ಕುಡಿದಳೇ? ಇಲ್ಲ. ಆ ಮನೆಯ ರೀತಿಯೇ ಬೇರೆ. ಕರೆದ ಹಾಲು ಮೊದಲು ಡೇರಿಯ ಕ್ಯಾನಿಗೆ, ಆಮೇಲೆ ಗಂಡಸರ ಚಹಾಕ್ಕೆ, ಉಳಿದದ್ದು ಹೆಪ್ಪಿಗೆ. ಮಜ್ಜಿಗೆಯನ್ನು ಮಾರಬಾರದೆಂದು ಕಸ್ತೂರೆವ್ವನ ಅತ್ತೆ ಕಲಿಸಿದ್ದರಿಂದ ಅದು ಓಣಿಯವರ ತಂಬಿಗೆಗಳಿಗೆ ಹೋಗುತ್ತಿತ್ತು. ಅತ್ತೆ ಸೊಸೆ ಇಬ್ಬರ ಪಾಲಿಗೆ ಉಳಿಯುತ್ತಿದ್ದುದು ಹಾಲು ಸೋಕಿತೋ ಇಲ್ಲವೋ ಎನ್ನುವಂಥ ಚಹಾ. ಅದನ್ನು ಯಾರೂ ಹೇಳಿ ಮಾಡಿಸಿರಲಿಲ್ಲ, ಹಾಗೇ ನಡೆದುಕೊಂಡು ಬಂದಿತ್ತು.

ಪ್ಲಾಸ್ಟರ್ ಬಿಚ್ಚಿದರು. ಕೈ ಹೊರಗೆ ಬಂತು. ತೆಳ್ಳಗೆ, ಬಿಳಿಚಿಕೊಂಡು, ಬೇರೆ ಯಾರದೋ ಕೈಯ ಹಾಗೆ. ತುಂಬಿದ ಚರಿಗೆ ಎತ್ತಿದರೆ ಮಣಿಕಟ್ಟು ನಡುಗುತ್ತಿತ್ತು. ಒಂದು ದಿನ ಯಾರೂ ಇಲ್ಲದಾಗ ಕಲ್ಲಿನ ಮುಂದೆ ಕೂತು ಹಿಟ್ಟು ಬಡಿದಳು. ಎರಡೇ ಪೆಟ್ಟಿಗೆ ಕಣ್ಣಲ್ಲಿ ನೀರು ಬಂತು. ಹಿಟ್ಟನ್ನು ಮುದ್ದೆ ಮಾಡಿ ಮುಚ್ಚಿಟ್ಟಳು. ಬರುತ್ತದೆ, ಬರದೆ ಎಲ್ಲಿ ಹೋಗುತ್ತದೆ, ಎಂದುಕೊಂಡಳು.

ದಸರೆಯ ಹೊತ್ತಿಗೆ ಪಲ್ಲವಿ ರಕ್ತದ ರಿಪೋರ್ಟನ್ನು ಎರಡು ಸಲ ಓದಿದಳು.

"ಗುಳಿಗಿ ನುಂಗೀರೇನ್ರಿ ಅಮ್ಮಾ?"

"ಒಂದೂ ಉಳಿದಿಲ್ಲ" ಎಂದಳು ಕಸ್ತೂರೆವ್ವ. ಸೆರಗಿನ ಗಂಟಿನಲ್ಲಿದ್ದ ಅಂದಿನ ಮುಂಜಾನೆಯದೊಂದನ್ನು ಬಿಟ್ಟರೆ ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಸುನಂದಾ ಖಾಲಿ ಪಟ್ಟಿಗಳನ್ನು ಚೀಲದಿಂದ ತೆಗೆದು ತೋರಿಸಿದಳು. "ನಾನ ಕೈಯಾಗ ಕೊಟ್ಟೇನ್ರಿ, ಒಂದ ಹೊತ್ತೂ ತಪ್ಪಿಸಿಲ್ಲ."

ಪಲ್ಲವಿ ಹಣೆ ಉಜ್ಜಿಕೊಂಡಳು. "ಎಲಬು ಕೂಡೇತಿ, ಆದ್ರ ಕೈಗೆ ಬಲ ಬಂದಿಲ್ಲ. ರಕ್ತದಾಗ ಕ್ಯಾಲ್ಸಿಯಂ, ವಿಟಮಿನ್ ಡಿ ಇದ್ದಲ್ಲೇ ಅದಾವು. ಗುಳಿಗಿಯೊಳಗ ಅವೆರಡೂ ಇರ್ತಾವು, ನುಂಗಿದ್ರ ಇಷ್ಟೊತ್ತಿಗೆ ಏರಬೇಕಾಗಿತ್ತು. ನುಂಗಿದ್ದು ಮೈಗೆ ಹತ್ತವಲ್ದು ಅಂದ್ರ ಕರಳಿನಾಗ ಏನರ ತ್ರಾಸು ಇರಬೇಕು. ವಿಜಯಪುರಕ್ಕ ಹೋಗಿ ಹೊಟ್ಟಿಯೊಳಗ ಕ್ಯಾಮೆರಾ ಬಿಟ್ಟು ನೋಡಬೇಕಾಗ್ತೈತಿ."

"ಮತ್ತ ರೊಟ್ಟಿ?"

"ರೊಟ್ಟಿ ಮರತ ಬಿಡ್ರಿ. ಹಿಂಗಿದ್ದಾಗ ಇನ್ನೊಮ್ಮೆ ಜಾರಿದ್ರ ಕೈ ಅಲ್ಲ, ಟೊಂಕದ ಎಲಬು ಹೋಗ್ತೈತಿ."

ಬಸ್ಸಿನಲ್ಲಿ ಕಸ್ತೂರೆವ್ವ ಕಿಟಕಿಯ ಕಡೆ ಕೂತಳು. ಹೊರಗೆ ತೊಗರಿ ಹೂ ಬಿಟ್ಟಿತ್ತು. ನಿಂಬೆ ತೋಟಗಳು ಹಿಂದೆ ಹಿಂದೆ ಹೋದವು. ಹೊಟ್ಟೆಯೊಳಗೆ ಕ್ಯಾಮೆರಾ ಬಿಟ್ಟರೆ ಏನು ಕಾಣುತ್ತದೆ, ಗುಳಿಗೆ ಇಲ್ಲಿ ಬಂದೇ ಇಲ್ಲ ಎಂಬುದು ಕಾಣುತ್ತದೆ. ಅದಕ್ಕಿಂತ ಹೆಚ್ಚಾಗಿ, ಮೊದಲ ರೊಟ್ಟಿ ಇನ್ನೊಬ್ಬರ ಕೈಗೆ ಹೋಗುತ್ತದಲ್ಲ ಎಂಬುದು ಅವಳನ್ನು ಕೊರೆಯುತ್ತಿತ್ತು. ಪಕ್ಕದಲ್ಲಿ ಸುನಂದಾ ಮೂಗು ಒರೆಸಿಕೊಳ್ಳುತ್ತಿದ್ದಳು.

"ನೀ ಯಾಕ ಅಳತಿ?"

"ನಿಮಗ ಏನರ ದೊಡ್ಡ ಜಡ್ಡು ಇದ್ದ್ರ, ಅತ್ತಿ..."

"ನನಗ ಯಾವ ಜಡ್ಡೂ ಇಲ್ಲ. ಸುಮ್ಮ ಕೂಡು" ಎಂದಳು ಕಸ್ತೂರೆವ್ವ. ಆದರೆ ಆ ಕಣ್ಣೀರು ಮೈಮೇಲೆ ಬಿದ್ದ ಕೆಂಡದ ಹಾಗೆ ಸುಟ್ಟಿತು.

*

ಸುದ್ದಿ ಕೇಳಲು ಅದೇ ದಿನ ಸೈದಾಬಿ ಹುಮಾಳ ಕೈ ಹಿಡಿದುಕೊಂಡು ಅಂಗಳಕ್ಕೆ ಬಂದಾಗ ಬಿಸಿಲು ಇಳಿಮುಖವಾಗಿತ್ತು. ಚಂದ್ರಿಯನ್ನು ಬೇವಿನ ಮರಕ್ಕೆ ಕಟ್ಟಿದ್ದರು. ಎಲ್ಲರೂ ಅಲ್ಲೇ ಕಟ್ಟೆಯ ಮೇಲೆ ಕೂತರು.

"ಡಾಕ್ಟರ್ ಏನಂದ್ಳು?"

"ರೊಟ್ಟಿ ಬಡಿಯಂಗಿಲ್ಲ ಅಂದ್ರು" ಎಂದಳು ಸುನಂದಾ. "ಗುಳಿಗಿ ಮೈಗೆ ಹತ್ತವಲ್ವಂತ. ವಿಜಯಪುರಕ್ಕ ಹೋಗಬೇಕಂತ."

ಹುಮಾ ಮುಖ ಇಳಿಸಿದಳು. "ಆಯಿ, ನಿಮ್ಮ ರೊಟ್ಟಿ ಇಲ್ದ ಬುಟ್ಟಿ ಹೆಂಗ ಕಟ್ಟಸ್ಕೊಂಡ ಹೋಗಲಿ?"

ಕಸ್ತೂರೆವ್ವ ಉತ್ತರ ಕೊಡುವ ಮೊದಲೇ ಹಿಂದಿನಿಂದ ಅವಳ ಸೆರಗು ಜಗ್ಗಿತು. ಅದು ಚಂದ್ರಿಯ ಹೊತ್ತು. ಸಂಜೆಯ ಬೆಲ್ಲ ಇನ್ನೂ ಬಂದಿರಲಿಲ್ಲ. ಎಮ್ಮೆ ತನ್ನ ಉದ್ದ ನಾಲಿಗೆಯಿಂದ ಗಂಟನ್ನು ನೆಕ್ಕಿತು, ಹಲ್ಲಿನಲ್ಲಿ ಹಿಡಿದು ಎಳೆಯಿತು. "ಹೋಗ ಅತ್ತಾಗ" ಎಂದು ಕಸ್ತೂರೆವ್ವ ಕೊಸರಿಕೊಂಡಳು. ಗಂಟು ಬಿಚ್ಚಿತು. ಬೆಲ್ಲದ ಚೂರು ಬಿತ್ತು, ಅದರ ಹಿಂದೆ ಮುಂಜಾನೆಯ ಬಿಳಿ ಗುಳಿಗೆ ಉರುಳಿಕೊಂಡು ಬಂದು ಸುನಂದಾಳ ಕಾಲ ಬೆರಳಿನ ಹತ್ತಿರ ನಿಂತಿತು.

ಚಂದ್ರಿ ಬೆಲ್ಲವನ್ನು ಎತ್ತಿಕೊಂಡಳು. ಗುಳಿಗೆಗಾಗಿ ಮತ್ತೆ ನಾಲಿಗೆ ಚಾಚಿದಳು.

"ಅತ್ತಿ" ಎಂದಳು ಸುನಂದಾ ಮೆಲ್ಲಗೆ. "ಇಷ್ಟೂ ದಿನ ಎಮ್ಮಿಗೆ ಹಾಕೀರಿ?"

ಸೈದಾಬಿ ಗೆಳತಿಯ ಮುಖ ನೋಡಿದಳು. ಆ ಮುಖವನ್ನು ಓದಲು ಅವಳಿಗೆ ಕನ್ನಡಕ ಬೇಕಿರಲಿಲ್ಲ. "ನೀವಿಬ್ರು ಒಳಗ ಹೋಗಿ ಚಾ ಇಡ್ರಿ. ಹೋಗ್ರಿ, ಹೋಗ್ರಿ" ಎಂದು ಸುನಂದಾ, ಹುಮಾ ಇಬ್ಬರನ್ನೂ ಕಳಿಸಿದಳು. ಆಮೇಲೆ ಹತ್ತಿರ ಸರಿದು ಕೂತಳು. "ಈಗ ಹೇಳು."

"ಏನ್ ಹೇಳಲಿ?"

"ಕಸ್ತೂರಿ, ನಿನ್ನ ರೊಟ್ಟಿ ಗ್ವಾಡಿ ಮ್ಯಾಲಿಂದ ಇಸಗೊಂಡಾಕಿ ನಾನು. ನನ್ನ ಮುಂದ ಎಂಥಾ ಲಾಜ, ಎಂಥಾ ನಾಚಿಕಿ ನಿಂದು?"

ಕಸ್ತೂರೆವ್ವ ಆಚೆ ಈಚೆ ನೋಡಿ, ಸೈದಾಬಿಯ ಕಿವಿಯ ಹತ್ತಿರ ಬಾಯಿ ಒಯ್ದು ಹೇಳಿದಳು. ಹೇಳಿ ಮುಗಿಸಿ ನೆಲ ನೋಡಿದಳು.

ಸೈದಾಬಿಯ ಹೆಗಲು ಕುಣಿಯತೊಡಗಿತು. ಸೆರಗನ್ನು ಬಾಯಿಗೆ ತುರುಕಿಕೊಂಡಳು, ಆದರೂ ನಗು ಮೂಗಿನಿಂದ ಬಂತು, ಕಣ್ಣಿನಿಂದ ಬಂತು. ಬೇವಿನ ಮರದ ಮೇಲಿನ ಗುಬ್ಬಿಗಳು ಎದ್ದು ಹೋದವು.

"ನಗಬ್ಯಾಡ ಸೈದಾ."

"ಯಾ ಅಲ್ಲಾ, ನಗದ ಏನ್ ಮಾಡಲಿ? ಎರಡ ವರ್ಷ ಆತು, ಅದ ಗುಳಿಗಿ ನಾನೂ ನುಂಗಾಕತ್ತೇನಿ. ಮೊಣಕಾಲ ಬ್ಯಾನಿಗೆ ಹೋದಾಗ ಕೊಟ್ಟಿದ್ರು. ನನಗೇನ್ ಹಾಲ ಬಂದಾವ? ಡೇರಿಗೆ ನಂದೊಂದ ಕ್ಯಾನ್ ಇಟ್ಟೇನೇನ?"

ಕಸ್ತೂರೆವ್ವ ತಲೆ ಎತ್ತಿದಳು. "ಎರಡ ವರ್ಷ?"

"ಎರಡ ವರ್ಷ. ರೋಜಾದಾಗೂ ಬಿಟ್ಟಿಲ್ಲ, ಒಂದು ಸೆಹರಿಗೆ, ಒಂದು ಇಫ್ತಾರಿಗೆ."

"ನನಗ್ಯಾಕ ಹೇಳಲಿಲ್ಲ?"

"ಗುಳಿಗಿ ಸುದ್ದಿ ಯಾರರ ಹೇಳ್ತಾರೇನ? ಮುದಕಿ ಆದ್ಳು ಅಂತ ನೀ ಕಾಡಸ್ತಿದ್ದಿ."

"ಮತ್ತ ಡಬ್ಬಿ ಮ್ಯಾಲೆ ಕೆಚ್ಚಲ ಚಿತ್ರ ಯಾಕ ಹಾಕ್ಯಾರ?"

"ಅದು ನನಗೇನ ಗೊತ್ತು? ಎಮ್ಮಿ ಕಟ್ಟಿದಾಕಿ ನೀನು."

ಕಸ್ತೂರೆವ್ವ ಚಂದ್ರಿಯ ಕಡೆ ತಿರುಗಿದಳು. ಎಮ್ಮೆ ಅವಳನ್ನೇ ನೋಡುತ್ತಿತ್ತು, ಗಲ್ಲದ ಮೇಲೆ ಬೆಲ್ಲದ ಜೊಲ್ಲು. ಹಾಗೇ ನೋಡುತ್ತ ನೋಡುತ್ತ ಕಸ್ತೂರೆವ್ವನಿಗೆ ಹಿಂದೊಮ್ಮೆ ಚಂದ್ರಿ ಈದ ಮರುದಿನದ ಮುಂಜಾನೆ ನೆನಪಿಗೆ ಬಂತು. ಕರು ಚಂದಾಗಿತ್ತು. ಕೆಚ್ಚಲು ತುಂಬಿ ಹಾಲು ತಾನೇ ಸೋರುತ್ತಿತ್ತು. ಆದರೆ ಚಂದ್ರಿ ಏಳಲಿಲ್ಲ. ಕಾಲು ಮಡಚಿ, ಕುತ್ತಿಗೆಯನ್ನು ಪಕ್ಕೆಗೆ ಹೊರಳಿಸಿ, ಕಿವಿ ತಣ್ಣಗೆ ಮಾಡಿಕೊಂಡು ಬಿದ್ದಿದ್ದಳು. ಸತ್ತೇ ಹೋದಳೆಂದು ಕಸ್ತೂರೆವ್ವ ಹಣೆ ಬಡಿದುಕೊಂಡಿದ್ದಳು. ದನದ ಡಾಕ್ಟರ್ ಬಂದು ಕುತ್ತಿಗೆಯ ನರಕ್ಕೆ ಸೂಜಿ ಚುಚ್ಚಿ ಬಾಟಲಿ ಏರಿಸಿದ. ಬಾಟಲಿ ಮುಗಿಯುತ್ತ ಬಂದಂತೆ ಎಮ್ಮೆಯ ಮೈ ನಡುಗಿತು, ಒಂದು ತೇಗು ಬಂತು, ಮುಂಗಾಲು ಊರಿ ಎದ್ದು ನಿಂತು ಕರುವನ್ನು ನೆಕ್ಕಿತು. ಆ ಬಾಟಲಿಯೊಳಗಿದ್ದುದು ಕ್ಯಾಲ್ಸಿಯಂ. ಸೂಜಿ ತೆಗೆಯುತ್ತ ಆತ ಏನೋ ಹೇಳಿದ್ದ. ಅಂದು ಸಂತೋಷದಲ್ಲಿ ಅದು ಕಿವಿಗೆ ಬಿದ್ದಿರಲಿಲ್ಲ, ಇಂದು ಬಿತ್ತು: "ಇದ್ದದ್ದೆಲ್ಲಾ ಹಾಲಿನಾಗ ಸುರದು ಬಿಟ್ಟಾಳ್ರಿ. ತನಗಂತ ಏನೂ ಉಳಿಸಿಕೊಂಡಿಲ್ಲ."

"ಸೈದಾ" ಎಂದಳು ಕಸ್ತೂರೆವ್ವ ನಿಧಾನಕ್ಕೆ. "ಅವತ್ತ ಹಾಲು ಮೊದಲ ಬಂದಿದ್ದವು. ಔಷಧಿ ಆಮ್ಯಾಲೆ ಬಂತು. ಹಾಲಿಗೆ ಅಲ್ಲ ಅದು, ಕಾಲಿಗೆ."

"ಏನ್ ಹೇಳಾಕತ್ತಿ?"

"ಹಾಲು ಅದನ್ನ ಒಳಗಿಂದ ಜಗ್ಗಿಕೊಂಡ ಹೋಗ್ತೈತಿ. ಹೋದದ್ದನ್ನ ತುಂಬಾಕ ಡಬ್ಬಿ. ತುಂಬಿದ್ರ ಎಮ್ಮಿ ನೆಟ್ಟಗ ನಿಂತು ಹಾಲ ಕೊಡ್ತೈತಿ. ಸೋಮನಿಂಗ ಬರೇ ಹಾಲಿನ ಸುದ್ದಿ ಹೇಳಿದ. ಡೇರಿಯಾವ, ಮತ್ತೇನ್ ಹೇಳ್ತಾನ?"

ಸೈದಾಬಿಯ ನಗು ನಿಂತಿತು. ಕಸ್ತೂರೆವ್ವ ತನ್ನ ಬಲಗೈಯನ್ನು ತೊಡೆಯ ಮೇಲಿಟ್ಟು ನೋಡಿಕೊಂಡಳು. ನಾಲ್ಕು ಮಕ್ಕಳು. ಒಂದು ಎದೆ ಬಿಡುವ ಹೊತ್ತಿಗೆ ಇನ್ನೊಂದು ಹೊಟ್ಟೆಯಲ್ಲಿ. ನಾಲ್ಕೂ ಗಟ್ಟಿಮುಟ್ಟಾಗಿ ಬೆಳೆದವು. ಅವುಗಳ ಎಲುಬು ಎಲ್ಲಿಂದ ಬಂದವು? ಇಲ್ಲಿಂದಲೇ ಹೋದವು. ಚಂದ್ರಿಗಾದರೋ ಈದಾಗಲೆಲ್ಲ ನೀಲಿ ಡಬ್ಬಿ ಬಂತು. ತನಗೆ ಬಂದದ್ದು ಕರಿ ಚಹಾ.

ಅವಳಿಗೆ ದುಃಖವೇನೂ ಆಗಲಿಲ್ಲ. ಹೊಲದ ಒಡ್ಡು ಎಲ್ಲಿ ಒಡೆದಿದೆಯೆಂದು ಗೊತ್ತಾದ ಒಕ್ಕಲತಿಗೆ ಆಗುವಂಥ ಹುರುಪು ಬಂತು. ಒಡೆದ ಜಾಗ ಕಂಡಿತಲ್ಲ, ಇನ್ನು ಮಣ್ಣು ಹಾಕುವುದಷ್ಟೇ. ಎದ್ದು ನಿಂತು ಒಳಗೆ ಕೂಗಿದಳು:

"ಸುನಂದಾ, ಗುಳಿಗಿ ತಾ."

"ಚಾ ಆಗೇತ್ರಿ ಅತ್ತಿ..."

"ಚಾದ ಜೋಡಿ ಬ್ಯಾಡ ಅಂದಾಳ ಆ ಹುಡುಗಿ. ಚಾ ಅತ್ತಾಗಿಡು. ಮೊದಲ ಊಟಕ್ಕ ಹಾಕು, ಗಟ್ಟಿ ಮೊಸರು ಹಾಕು. ನಿನಗೂ ಹಾಕ್ಕೋ."

ಸುನಂದಾ ಬಾಗಿಲಲ್ಲಿ ನಿಂತು ಅತ್ತೆಯನ್ನು ನೋಡಿದಳು. ಆಮೇಲೆ ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದಳು.

ಮರುದಿನ ಸುನಂದಾ ಡಾಕ್ಟರಿಗೆ ಫೋನು ಮಾಡಿ ಎಲ್ಲ ಹೇಳಿದಳು. ಆ ಕಡೆಯಿಂದ ಮುಚ್ಚಿಹಿಡಿದ ನಗು ಕೇಳಿಸಿತು. ಕೊನೆಗೆ ಪಲ್ಲವಿ, "ವಿಜಯಪುರ ಬ್ಯಾಡ. ಈಗ ಸುರು ಮಾಡ್ರಿ. ಮದುವಿಗೆ ಮುಂಚೆ ಬಂದು ಕೈ ತೋರಿಸ್ರಿ. ಎಮ್ಮಿ ಹೆಂಗೈತಿ?" ಎಂದಳು.

*

ಅಂದಿನಿಂದ ಆ ಮನೆಯ ಹಾಲಿನ ದಾರಿ ಬದಲಾಯಿತು. ಕರೆದ ಹಾಲಿನಲ್ಲಿ ಎರಡು ಲೋಟ ಮೊದಲು ಹೆಂಗಸರಿಗೆ ಬದಿಗಿರಬೇಕು, ಆಮೇಲೆ ಕ್ಯಾನು. ಶ್ರೀಶೈಲಪ್ಪ ಒಂದು ಸಲ, "ಡೇರಿಗೆ ಕಡಿಮಿ ಬೀಳ್ತೈತವ್ವಾ" ಎಂದ. "ನಿನ್ನ ಕಾಲಾಗಿನ ಎಲಬು ನನ್ನ ಹತ್ರ ಇದ್ದದ್ದು. ಮಾತಾಡಬ್ಯಾಡ" ಎಂದಳು ತಾಯಿ. ಆತ ಕ್ಯಾನು ಎತ್ತಿಕೊಂಡು ಹೊರಟ. ಮಜ್ಜಿಗೆ ಈಗಲೂ ಓಣಿಗೆ ಹೋಗುತ್ತಿತ್ತು, ಆದರೆ ಮೊದಲ ತಂಬಿಗೆ ಮನೆಯೊಳಗೇ ಉಳಿಯುತ್ತಿತ್ತು. ಬೀಸುವ ಕಲ್ಲಿನ ಪಕ್ಕ ಎಳ್ಳಿನ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿ ಬಂದು ಕೂತಿತು. ರಾಜಗಿರಿ ಪಲ್ಲೆ ವಾರದಲ್ಲಿ ಎಷ್ಟೋ ಸಲ ಒಲೆ ಏರಿತು. ಹಿತ್ತಲಲ್ಲಿ ಯಾರೂ ಕೇಳದೆ ಬೆಳೆದಿದ್ದ ನುಗ್ಗೆಯ ಗಿಡ ತನ್ನ ಸೊಪ್ಪನ್ನೆಲ್ಲ ಕಳೆದುಕೊಂಡು ಬೋಳಾಗಿ ನಿಂತು ಮತ್ತೆ ಚಿಗುರಿತು. ಮುಂಜಾನೆಯ ಕೆಲಸ ಮುಗಿಸಿ ಕಸ್ತೂರೆವ್ವ ಬಿಸಿಲಿನಲ್ಲಿ ಕೂತು ತೊಗರಿ ಹಸನು ಮಾಡುತ್ತಿದ್ದಳು. ಕೈಯಲ್ಲಿ ಸದಾ ಒಂದು ಹಿಟ್ಟಿನ ಉಂಡೆ, ಅದನ್ನು ಹಿಚುಕುವುದು, ಬಿಡುವುದು, ಮತ್ತೆ ಹಿಚುಕುವುದು.

ಸೈದಾಬಿ ಗೋಡೆಯ ಆಚೆಯಿಂದ ಕೂಗುತ್ತಿದ್ದಳು. "ಕಸ್ತೂರಿ, ಭೀಮಾ ಹೊಳಿ ಸಣ್ಣ ಮೀನ ತಂದೇವಿ. ಮುಳ್ಳ ಸುದ್ದಾ ಅಗದು ತಿನ್ನೂದು. ನಿಮ್ಮ ಎಳ್ಳಿಗೆ ಸವಾಲ ಇದು."

"ನಿನ್ನ ಮೀನು ನಿನಗ ಇರ್ಲಿ. ಗಾಳಿ ನನ್ನ ಕಡೆ ಬರೂ ಹಂಗ ಒಲಿ ಹೂಡಬ್ಯಾಡ."

ಎಳ್ಳಮಾಸಿಯ ದಿನ ಹೊಲದಲ್ಲಿ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಿನ್ನುವಾಗ ಕಸ್ತೂರೆವ್ವ ತುಂಬಿದ ಕೊಡವನ್ನು ಬಲಗೈಯಿಂದ ಎತ್ತಿ ಪಕ್ಕಕ್ಕಿಟ್ಟಳು. ಇಟ್ಟ ಮೇಲೆಯೇ ಅವಳಿಗೆ ಅದು ತಿಳಿದದ್ದು.

ಸಿಂದಗಿಯಲ್ಲಿ ಪಲ್ಲವಿ ರಿಪೋರ್ಟು ನೋಡಿದಳು, ತನ್ನ ಕೈ ಮುಂದೆ ಚಾಚಿದಳು. "ಹಿಚುಕ್ರಿ ನೋಡೂಣು." ಕಸ್ತೂರೆವ್ವ ಹಿಚುಕಿದಳು. "ಸಾಕು, ಸಾಕು ಬಿಡ್ರಿ ಅಮ್ಮಾ" ಎಂದು ಪಲ್ಲವಿ ಬೆರಳು ಕೊಡವಿಕೊಂಡಳು. "ರಕ್ತ ಚಲೋ ಆಗೇತಿ. ಎಲಬು ತುಂಬಾಕ ಇನ್ನೂ ವರ್ಷಗಟ್ಟಲೆ ಬೇಕು, ಗುಳಿಗಿ ಬಿಡಬ್ಯಾಡ್ರಿ, ಊಟ ಬಿಡಬ್ಯಾಡ್ರಿ. ರೊಟ್ಟಿ ಒಂದೆರಡು ಬಡೀರಿ. ಬುಟ್ಟಿ ತುಂಬಸಾಕ ಹೋಗಬ್ಯಾಡ್ರಿ."

"ಒಂದ ಸಾಕು" ಎಂದಳು ಕಸ್ತೂರೆವ್ವ. "ಉಳದಾವ್ನ ಉಳದಾರ ಬಡೀತಾರ."

*

ಸೈದಾಬಿಯ ಅಂಗಳದಲ್ಲಿ ಒಲೆಗಳು ಸಾಲಾಗಿ ಹೊತ್ತಿದ್ದವು. ಓಣಿಯ ಹೆಂಗಸರೆಲ್ಲ ಹಿಟ್ಟು ನಾದಿಕೊಂಡು ಕೂತಿದ್ದರು. ಯಾರೂ ಬಡಿಯುತ್ತಿರಲಿಲ್ಲ. ಮೊದಲ ಕಲ್ಲು ಖಾಲಿ ಇತ್ತು. ಕಸ್ತೂರೆವ್ವ ಗೋಡೆಯ ಸಂದಿನಿಂದ ಬಂದು, ಸೆರಗು ಸಿಕ್ಕಿಸಿಕೊಂಡು, ಅದರ ಮುಂದೆ ಕೂತಳು.

ಮೊದಲ ಪೆಟ್ಟು ಮೆಲ್ಲಗೆ ಹಾಕಿದಳು. ಮಣಿಕಟ್ಟು ಸ್ವಲ್ಪ ಬಿಗಿಯಿತು, ನೋಯಲಿಲ್ಲ. ಎರಡನೆಯದು ತುಸು ಗಟ್ಟಿ. ಮೂರನೆಯದಕ್ಕೆ ಕೈ ತನ್ನ ಹಳೆಯ ದಾರಿಯನ್ನು ತಾನೇ ಹಿಡಿಯಿತು. ಹಿಟ್ಟು ಹರಡಿತು, ತಿರುಗಿತು, ಅಂಚು ತೆಳ್ಳಗಾಗುತ್ತ ಹೋಯಿತು. ಆ ತಾಳ ಅಂಗಳ ದಾಟಿ, ಬೇವಿನ ಮರ ದಾಟಿ, ಓಣಿಯಿಂದ ಓಣಿಗೆ ಹರಿಯಿತು. ಗೋಡೆಯ ಆಚೆ ಚಂದ್ರಿ ಒಂದು ಸಲ ಕೂಗಿದಳು. ಹೆಂಗಸರು ನಕ್ಕರು. ರೊಟ್ಟಿ ಹಂಚಿನ ಮೇಲೆ ಬಿದ್ದು, ನೀರು ಸವರಿಸಿಕೊಂಡು, ಮಗುಚಿಸಿಕೊಂಡು, ಹೊಟ್ಟೆ ತುಂಬ ಗಾಳಿ ಹಿಡಿದು ಉಬ್ಬಿತು.

ಸೈದಾಬಿ ಬಿಳಿ ಬಟ್ಟೆ ಬಿಚ್ಚಿ ಹಿಡಿದು ನಿಂತಿದ್ದಳು. ಬೀಗರ ಮನೆಯ ಬುಟ್ಟಿ ಪಕ್ಕದಲ್ಲೇ ಇತ್ತು. ಕಸ್ತೂರೆವ್ವ ರೊಟ್ಟಿಯನ್ನು ತೆಗೆದಳು, ಬಟ್ಟೆಯ ಕಡೆ ಒಯ್ಯಲಿಲ್ಲ.

"ಹುಮಾ, ಬಾ ಇಲ್ಲಿ."

ಕೈಗೆ ಮದರಂಗಿ ಹಚ್ಚಿಸಿಕೊಂಡು ಕೂತಿದ್ದ ಹುಮಾ ಎದ್ದು ಬಂದಳು. ಕಸ್ತೂರೆವ್ವ ರೊಟ್ಟಿ ಮುರಿದಳು. ಅದರ ಮೇಲೆ ಎಳ್ಳಿನ ಹಿಂಡಿ ಉದುರಿಸಿ, ಗಟ್ಟಿ ಮೊಸರು ಸವರಿ, ಹುಡುಗಿಯ ಬಾಯಿಗೆ ಹಿಡಿದಳು.

"ಅದು ಬಾಗೇವಾಡಿಗೆ ಹೋಗೂ ರೊಟ್ಟಿ ಅಲ್ಲೇನ?" ಎಂದಳು ಸೈದಾಬಿ.

"ಬಾಗೇವಾಡಿಗೆ ಇಕಿ ಹೊಂಟಾಳಲ್ಲ, ಇಕಿ ಹೊಟ್ಟಿಯೊಳಗ ಹೋಗ್ಲಿ. ಎರಡನೇದು ಬುಟ್ಟಿಗೆ. ಡಾಕ್ಟರ್ ಎರಡು ಅಂದಾಳ." ಆಮೇಲೆ ಹುಮಾಳಿಗೆ ಹೇಳಿದಳು, "ಈಗಿನ ವಯಸ್ಸಿನಾಗ ಎಲಬಿಗೆ ಎಷ್ಟ ತುಂಬತಿ ಅಷ್ಟ ನಿಂದು. ನಾಳೆ ಕೂಸು ಬಂದ್ರ ಕೇಳದ ತಗೋತೈತಿ. ಆ ಮನ್ಯಾಗ ಎಲ್ಲಾರಿಗೂ ನೀಡಿ ಉಳದದ್ದು ತಿನ್ನಾಕಿ ಆಗಬ್ಯಾಡ. ಮೊದಲ ಲೋಟ ನೀ ಕುಡಿ."

ಹುಮಾ ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು, ಕಣ್ಣಂಚಿನಲ್ಲಿ ನಗುತ್ತ ಕೇಳಿದಳು, "ಆಯಿ, ನಾ ಏನ್ ಎಮ್ಮೀನ?"

"ಎಮ್ಮಿಗಿದ್ದ ಅಕಲ ನನಗಿರಲಿಲ್ಲ. ನಿನಗರ ಇರ್ಲಿ" ಎಂದು ಕಸ್ತೂರೆವ್ವ ಇನ್ನೊಂದು ಮುದ್ದೆ ಹಿಟ್ಟನ್ನು ಕಲ್ಲಿನ ಮೇಲಿಟ್ಟು ಬಡಿಯತೊಡಗಿದಳು. ಸಾಲಿನ ಕಲ್ಲುಗಳೆಲ್ಲ ಒಂದೊಂದಾಗಿ ಆ ತಾಳಕ್ಕೆ ಕೂಡಿಕೊಂಡವು.